ಸರಾಯೆವೊ, ಮೊಸ್ತಾರ್: ಬಾಲ್ಕನ್ನಿನ ಈ ಎರಡು ಹಳೇ ಊರುಗಳನ್ನ ನಿಧಾನಕ್ಕೆ ನೋಡೋದು ಹೇಗೆ

ಸರಾಯೆವೊ, ಮೊಸ್ತಾರ್ ಎರಡೂ ಬಾಸ್ನಿಯಾ ದೇಶದ ಊರುಗಳು. ಮೊದಲ ಸಲ ನಾನು ಮೊಸ್ತಾರ್ ನೋಡಿದ್ದು ಬರೀ ಎರಡು ಗಂಟೆ. ಪಕ್ಕದ ಕ್ರೊಯೇಷಿಯಾದ ದುಬ್ರೊವ್ನಿಕ್ಕಿಂದ ಬೆಳಗ್ಗೆ ಹೊರಟ ಟೂರ್ ಬಸ್ಸು, ಬಾರ್ಡರಲ್ಲಿ ಉದ್ದ ಕ್ಯೂ, ಜುಲೈ ತಿಂಗಳ ಮಟಮಟ ಮಧ್ಯಾಹ್ನ ಸೇತುವೆ ಹತ್ರ ಇಳಿಸಿದ್ರು, ಸುತ್ತ ನಮ್ಮಂಥದ್ದೇ ಹತ್ತಾರು ಗುಂಪು, ಫೋಟೋ ತೆಗೀಲಿಕ್ಕೆ ಕೈ ಎತ್ತಕ್ಕೂ ಜಾಗ ಇಲ್ಲ, ಮೂರು ಗಂಟೆಗೆ ವಾಪಸ್ ಬಸ್ ಹತ್ತಿದ್ವಿ. ಊರು ನೋಡಿದೆ ಅಂತ ಅನ್ನಿಸ್ಲೇ ಇಲ್ಲ. ಎರಡು ವರ್ಷ ಆದ್ಮೇಲೆ ಅಮ್ಮನ ಜೊತೆ ಮತ್ತೆ ಹೋದೆ, ಸರಾಯೆವೊದಲ್ಲಿ ನಾಲ್ಕು ರಾತ್ರಿ, ಮೊಸ್ತಾರಲ್ಲಿ ಎರಡು ರಾತ್ರಿ. ಆ ಆರು ರಾತ್ರಿ ನನಗೆ ಎಷ್ಟು ಇಷ್ಟ ಆಯ್ತು ಅಂದ್ರೆ, ಅಲ್ಲಿಗೆ ಹೋಗ್ತೀನಿ ಅಂದವರಿಗೆಲ್ಲ ಒಂದೊಂದ್ ಗಂಟೆ ಫೋನಲ್ಲಿ ಹೇಳ್ತಾ ಇದ್ದೀನಿ, ಅದಕ್ಕೆ ಒಂದ್ಸಲ ಕೂತು ಬರೆದಿಟ್ಬಿಡೋಣ ಅಂತ.

ಮುಖ್ಯ ಮಾತು ಮೊದಲೇ ಹೇಳ್ತೀನಿ. ಈ ಊರುಗಳ ಸೊಬಗು ಇರೋದು ಅಂಗಡಿ ಬಾಗಿಲು ತೆಗೆಯೋ ಮುಂಚೆ ಮತ್ತು ಬಸ್ಸುಗಳು ಹೋದ ಮೇಲೆ. ಆದ್ರಿಂದ ಊರೊಳಗೇ ರಾತ್ರಿ ಉಳ್ಕೊಳ್ಳಿ. ಕೆಳಗೆ ಬರೆದಿರೋದೆಲ್ಲ ಆ ಒಂದು ಮಾತಿನ ಸುತ್ತಲೇ ಇದೆ.

ಹೆಜ್ಜೆ 1: ಊರು ಕಮ್ಮಿ ಮಾಡ್ಕೊಳ್ಳಿ

ಬಾಲ್ಕನ್ ಅಂದ ತಕ್ಷಣ ಜನ ಹತ್ತು ದಿನದಲ್ಲಿ ಆರು ದೇಶ ಅಂತ ಪ್ಲಾನ್ ಹಾಕ್ತಾರೆ, ಮ್ಯಾಪಲ್ಲಿ ಎಲ್ಲ ಹತ್ರ ಹತ್ರ ಕಾಣುತ್ತೆ, ಆದ್ರೆ ಗುಡ್ಡಗಾಡು ರಸ್ತೆ, ತುಂಬ ಕಡೆ ಬಾರ್ಡರ್ ಚೆಕ್, ಇನ್ನೂರು ಕಿಲೋಮೀಟರಿಗೆ ಅರ್ಧ ದಿನ ಹೋಗುತ್ತೆ. ಒಂದು ವಾರ ರಜ ಇದ್ರೆ ಸರಾಯೆವೊ ಮತ್ತು ಮೊಸ್ತಾರ್ ಸಾಕು. ಹತ್ತು ದಿನ ಇದ್ರೆ ಕೊನೇಲಿ ದುಬ್ರೊವ್ನಿಕ್ ಸೇರಿಸ್ಕೊಳ್ಳಿ. ಉತ್ತರ ಮ್ಯಾಸಿಡೋನಿಯಾದ ಓಹ್ರಿದ್ ಕೆರೆ ದಂಡೆ, ಅಲ್ಬೇನಿಯಾದಲ್ಲಿ ಬೆಟ್ಟದ ತುಂಬ ಕಿಟಕಿಗಳಂಗೆ ಕಾಣೋ ಬೆರಾತ್, ಬಲ್ಗೇರಿಯಾದಲ್ಲಿ ರೋಮನ್ ರಂಗಮಂದಿರ ಇನ್ನೂ ನಿಂತಿರೋ ಪ್ಲೊವ್ದಿವ್, ಇವೆಲ್ಲ ಒಂದೊಂದೂ ಬೇರೆ ಟ್ರಿಪ್ಪಿಗೆ ಆಗೋವಷ್ಟಿದೆ, ಒಂದೇ ಸಲಕ್ಕೆ ತುಂಬಬೇಡಿ.

ಹೆಜ್ಜೆ 2: ವೀಸಾ, ಇದನ್ನ ಟಿಕೆಟ್ ತಗೊಳ್ಳೋ ಮುಂಚೆ ಮಾಡಿ

ಇಲ್ಲೇ ತುಂಬ ಜನ ಎಡವೋದು. ಷೆಂಗೆನ್ ಅಂದ್ರೆ ಒಂದೇ ವೀಸಾದಲ್ಲಿ ಓಡಾಡೋಕೆ ಆಗೋ ಯುರೋಪಿನ ದೇಶಗಳ ಗುಂಪು. ಬಾಸ್ನಿಯಾ ಷೆಂಗೆನ್ ಒಳಗಿಲ್ಲ, ಕ್ರೊಯೇಷಿಯಾ 2023ರ ಜನವರಿಯಿಂದ ಷೆಂಗೆನ್ ಒಳಗಿದೆ, ಯೂರೋ ಕೂಡ ಅವತ್ತಿಂದಲೇ. ಹಾಗಾಗಿ ದುಬ್ರೊವ್ನಿಕ್ಕಿಂದ ಮೊಸ್ತಾರಿಗೆ ಒಂದೇ ದಿನಕ್ಕೆ ಹೋಗ್ಬಂದ್ರೂ ನೀವು ಷೆಂಗೆನ್ ಬಿಟ್ಟು ಹೊರಗೆ ಹೋಗಿ ಮತ್ತೆ ಒಳಗೆ ಬಂದ ಹಾಗೆ. ವೀಸಾ ಮೇಲೆ ಸಿಂಗಲ್ ಎಂಟ್ರಿ ಅಂತ ಇದ್ರೆ ವಾಪಸ್ ಬರೋಕೆ ಬಿಡಲ್ಲ. ಅಮ್ಮ ಮೊದಲ ಸಲ ಜರ್ಮನಿಗೆ ನಮ್ಮನೆಗೆ ಬಂದಾಗ ಸಿಂಗಲ್ ಎಂಟ್ರಿನೇ ಕೊಟ್ಟಿದ್ರು, ಅದಕ್ಕೆ ಆ ವರ್ಷ ಹೋಗಕ್ಕಾಗ್ಲಿಲ್ಲ. ಮುಂದಿನ ಸಲ ಅರ್ಜಿ ಹಾಕುವಾಗ ಮಲ್ಟಿಪಲ್ ಎಂಟ್ರಿ ಅಂತ ಕೇಳಿ, ಪ್ರಯಾಣದ ಪ್ಲಾನ್ ಜೊತೆಗಿಟ್ವಿ, ಸಿಕ್ತು. ಮಲ್ಟಿಪಲ್ ಎಂಟ್ರಿ ಷೆಂಗೆನ್ ವೀಸಾ ಇರೋ ಭಾರತದ ಪಾಸ್‌ಪೋರ್ಟಿನವರನ್ನ ಬಾಸ್ನಿಯಾ ಬೇರೆ ವೀಸಾ ಇಲ್ಲದೆ ಸ್ವಲ್ಪ ದಿನಕ್ಕೆ ಒಳಗೆ ಬಿಡುತ್ತೆ. ಆದ್ರೆ ಈ ನಿಯಮಗಳು ಬದಲಾಗ್ತಾನೇ ಇರುತ್ತೆ, ಹೊರಡೋ ತಿಂಗಳಲ್ಲಿ ಬಾಸ್ನಿಯಾ ವಿದೇಶಾಂಗ ಸಚಿವಾಲಯದ ಪುಟ ನೋಡಿ, ಅದನ್ನ ಪ್ರಿಂಟ್ ತೆಗೆದು ಜೊತೆಗಿಟ್ಕೊಳ್ಳಿ, ಏರ್‌ಲೈನ್ ಕೌಂಟರಲ್ಲಿ ಇರೋರಿಗೇ ಕೆಲವು ಸಲ ಗೊತ್ತಿರಲ್ಲ.

ಇನ್ನೆರಡು ಚಿಕ್ಕ ವಿಷಯ. ಬಾಸ್ನಿಯಾಗೆ ಬರೋ ವಿದೇಶಿಯರ ಹೆಸರು ಪೊಲೀಸಲ್ಲಿ ನೋಂದಾಯಿಸ್ಬೇಕು, ಹೋಟೆಲಲ್ಲಿ ಅವರೇ ಮಾಡ್ತಾರೆ, ಯಾರದ್ದಾದ್ರೂ ಮನೆ ಬಾಡಿಗೆಗೆ ತಗೊಂಡ್ರೆ ಮನೆಯವರನ್ನ ಕೇಳಿ ಮಾಡಿಸ್ಕೊಳ್ಳಿ. ಯುರೋಪಿನ ಸಿಮ್ ಇಟ್ಕೊಂಡಿರೋರು ಬಾಸ್ನಿಯಾ ಯುರೋಪಿಯನ್ ಯೂನಿಯನ್ ರೋಮಿಂಗ್ ಒಳಗೆ ಬರಲ್ಲ ಅನ್ನೋದು ನೆನಪಿಡಿ, ಬಸ್ಸು ಬಾರ್ಡರ್ ದಾಟೋ ಮುಂಚೆನೇ ಡೇಟಾ ಆಫ್ ಮಾಡಿ, ಲೋಕಲ್ ಸಿಮ್ ತಗೊಳ್ಳಿ.

ಹೆಜ್ಜೆ 3: ತಿಂಗಳು ಮತ್ತು ದುಡ್ಡು

ಮೇ, ಜೂನ್ ಮೊದಲ ಅರ್ಧ, ಸೆಪ್ಟೆಂಬರ್, ಅಕ್ಟೋಬರ್ ಮೊದಲ ವಾರಗಳು. ಸರಾಯೆವೊ ಸಮುದ್ರಮಟ್ಟದಿಂದ 500 ಮೀಟರ್ ಮೇಲಿದೆ, ಸುತ್ತ ಬೆಟ್ಟ, ಬೇಸಿಗೇಲೂ ಸಂಜೆ ತಣ್ಣಗಿರುತ್ತೆ. ಮೊಸ್ತಾರ್ ತದ್ವಿರುದ್ಧ, ಕಲ್ಲಿನ ಬಟ್ಟಲಲ್ಲಿ ಕೂತಿರೋ ಊರು, ಜುಲೈ ಆಗಸ್ಟಲ್ಲಿ ರಾಯಚೂರಿನ ಏಪ್ರಿಲ್ ಥರ ಕಾಯುತ್ತೆ. ಡಿಸೆಂಬರ್ ಜನವರಿಲಿ ಸರಾಯೆವೊದಲ್ಲಿ ಹಿಮ ಚೆಂದ, ಆದ್ರೆ ಬೆಟ್ಟಗಳ ಮಧ್ಯೆ ಹೊಗೆ ಸಿಕ್ಕಾಕ್ಕೊಂಡು ಗಾಳಿ ತುಂಬ ಕೆಡುತ್ತೆ, ಅಸ್ತಮಾ ಇರೋ ಹಿರಿಯರನ್ನ ಆಗ ಕರ್ಕೊಂಡು ಹೋಗ್ಬೇಡಿ.

ದುಡ್ಡಿನ ಹೆಸರು ಮಾರ್ಕ್, ಪೂರ್ತಿ ಹೆಸರು ಕನ್ವರ್ಟಿಬಲ್ ಮಾರ್ಕ್. 1 ಯೂರೋಗೆ 1.95583 ಮಾರ್ಕ್ ಅಂತ ಫಿಕ್ಸ್ ಆಗಿದೆ, ಅಂದ್ರೆ ಮಾರ್ಕಲ್ಲಿ ಹೇಳಿದ ಬೆಲೆನ ಅರ್ಧ ಮಾಡಿದ್ರೆ ಯೂರೋ. ಚಿಕ್ಕ ಅಂಗಡಿ, ಬೇಕರಿ, ಟ್ರಾಮಿಗೆಲ್ಲ ಕ್ಯಾಶ್ ಇರಲಿ. ಬಾಸ್ನಿಯಾ ಬಿಟ್ಟ ಮೇಲೆ ಈ ನೋಟುಗಳನ್ನ ಯಾರೂ ತಗೊಳ್ಳಲ್ಲ ಅನ್ಕೊಳ್ಳಿ, ಅಲ್ಲೇ ಖರ್ಚು ಮಾಡಿ ಮುಗಿಸಿ.

ಹೆಜ್ಜೆ 4: ರೂಮು ಹಳೇ ಊರೊಳಗೇ ಇರಲಿ

ಸರಾಯೆವೊದಲ್ಲಿ ಬಾಷ್ಚಾರ್ಷಿಯಾ ಅನ್ನೋ ಹಳೇ ಪೇಟೆಗೆ ಹತ್ತು ನಿಮಿಷದ ನಡಿಗೇಲಿ ಇರ್ಬೇಕು. ಬುಕ್ ಮಾಡೋವಾಗ ಒಂದು ಪ್ರಶ್ನೆ ಕೇಳಿ, ಮನೆ ಗುಡ್ಡದ ಮೇಲಿದ್ಯಾ ಅಂತ. ಪೇಟೆ ಹಿಂದಿನ ಗಲ್ಲಿಗಳು ಬೆಟ್ಟಕ್ಕೆ ನೆಟ್ಟಗೆ ಹತ್ತುತ್ವೆ, ಮಂಡಿ ನೋವಿರೋ ಅಪ್ಪ ಅಮ್ಮನಿಗೆ ದಿನಕ್ಕೆ ಎರಡು ಸಲ ಅದನ್ನ ಹತ್ತೋದು ಕಷ್ಟ. ಆದ್ರೆ ಮೇಲಿದ್ರೆ ಕಿಟಕಿ ತೆಗೆದ್ರೆ ಕೆಂಪು ಹೆಂಚಿನ ಮಾಡುಗಳು, ಮಿನಾರುಗಳು ಕಾಣುತ್ತೆ, ಅದೂ ಸುಳ್ಳಲ್ಲ. ನಾವು ಕೆಳಗಿನ ರೂಮು ತಗೊಂಡು, ನೋಟಕ್ಕೆ ಸಂಜೆ ಟ್ಯಾಕ್ಸಿಲಿ ಮೇಲೆ ಹೋಗ್ತಿದ್ವಿ.

ಹೆಜ್ಜೆ 5: ಮೊದಲ ಸಂಜೆ ಏನೂ ನೋಡ್ಬೇಡಿ, ಕಾಫಿ ಕುಡೀರಿ

ಬ್ಯಾಗ್ ಇಟ್ಟು ನೇರ ಪೇಟೆಗೆ ಇಳೀರಿ. ಮಧ್ಯದಲ್ಲಿ ಸೆಬಿಲ್ ಅನ್ನೋ ಮರದ ಕೆತ್ತನೆ ನೀರಿನ ಕಟ್ಟೆ ಇದೆ, ಸುತ್ತ ಪಾರಿವಾಳ, ಅಲ್ಲಿ ನೀರು ಕುಡಿದವರು ಮತ್ತೆ ಸರಾಯೆವೊಗೆ ಬಂದೇ ಬರ್ತಾರೆ ಅಂತ ಊರಿನವರ ನಂಬಿಕೆ. ಬಾಟಲಿ ತುಂಬಿಸ್ಕೊಳ್ಳಿ, ನೀರು ಚೆನ್ನಾಗಿದೆ. ಹಾಗೇ ಯಾವುದಾದ್ರೂ ಗಲ್ಲಿಯ ಒಳಗಿರೋ ಚಿಕ್ಕ ಕಾಫಿ ಅಂಗಡೀಲಿ ಹೊರಗಡೆ ಹಾಕಿರೋ ಗಿಡ್ಡ ಸ್ಟೂಲ್ ಮೇಲೆ ಕೂತ್ಕೊಳ್ಳಿ, ಒಳಗೆ ಸಿಗರೇಟ್ ಹೊಗೆ ಇರಬಹುದು.

ಬೋಸಾನ್ಸ್ಕಾ ಕಾಫಾ, ಅಂದ್ರೆ ಬಾಸ್ನಿಯಾದ ಕಾಫಿ ಅಂತ ಕೇಳಿ. ತಾಮ್ರದ ತಟ್ಟೇಲಿ ಉದ್ದ ಹಿಡಿಯ ಚಿಕ್ಕ ಪಾತ್ರೆ ಬರುತ್ತೆ, ಅದು ಜೆಜ್ವಾ. ಹಿಡಿ ಇಲ್ಲದ ಪುಟ್ಟ ಬಟ್ಟಲು ಫಿಲ್ಜಾನ್. ಪಕ್ಕದಲ್ಲಿ ಸಕ್ಕರೆ ಗಟ್ಟಿ, ಒಂದು ಲೋಟ ನೀರು, ಲೋಕುಮ್ ಅನ್ನೋ ಮೆತ್ತನೆ ಸಿಹಿಯ ಒಂದು ತುಂಡು. ಕುಡಿಯೋಕೆ ಒಂದು ಕ್ರಮ ಇದೆ: ಮೇಲಿನ ನೊರೇನ ಚಮಚದಲ್ಲಿ ಮೆಲ್ಲಗೆ ತೆಗೆದು ಬಟ್ಟಲಿಗೆ ಹಾಕಿ, ಮೇಲೆ ಕಾಫಿ ಸ್ವಲ್ಪ ಸ್ವಲ್ಪ ಬಗ್ಗಿಸಿ, ಸಕ್ಕರೆ ಗಟ್ಟಿನ ಕಾಫಿಗೆ ಅದ್ದಿ ಕಚ್ಚಿ, ಮೇಲೆ ಕಾಫಿ ಗುಟುಕು. ಸೋಸಿರಲ್ಲ, ಪುಡಿ ತಳದಲ್ಲೇ ಕೂತಿರುತ್ತೆ, ಅದಕ್ಕೆ ಕಲಕಬಾರದು, ಕೊನೇ ಗುಟುಕು ಬಿಟ್ಬಿಡಬೇಕು. ಹಾಲು ಇರಲ್ಲ. ಡಿಕಾಕ್ಷನ್ ಕಾಫಿಲೇ ಬೆಳೆದ ಅಮ್ಮ ಮೊದಲನೇ ದಿನ ಮುಖ ಕಿವುಚಿದ್ರು, ಮೂರನೇ ದಿನಕ್ಕೆ ಬೆಳಗ್ಗೆ ಎದ್ದ ತಕ್ಷಣ ಅದನ್ನೇ ಕೇಳಿದ್ರು.

ಒಂದು ಕಾಫಿಗೆ ಒಂದು ಗಂಟೆ ಕೂತ್ರೂ ಯಾರೂ ಏಳಿ ಅನ್ನಲ್ಲ, ಬಿಲ್ ತಂದು ಮುಂದೆ ಇಡಲ್ಲ. ಅಲ್ಲಿ ದಿನಕ್ಕೆ ಹತ್ತು ಸಲ ಕಿವಿಗೆ ಬೀಳೋ ಪದ ಪೊಲಾಕೊ, ನಿಧಾನ ಅಂತ. ಇನ್ನೊಂದು ಪದ ಚೇಯ್ಫ್, ತನಗೆ ಹಿತವಾದ ಹಾಗೆ, ತನ್ನ ಲಹರೀಲಿ ಇರೋದು ಅಂತ ಅರ್ಥ. ಈ ಎರಡು ಪದ ಅರ್ಥ ಆದ್ರೆ ಊರು ಅರ್ಧ ಅರ್ಥ ಆದ ಹಾಗೆ.

ಪದ ಅಂದಾಗ ನೆನಪಾಯ್ತು, ಅಂಗಡಿ ಮಾತಿಗೆ ಕಿವಿ ಕೊಡಿ. ಅಂಗಡಿಗೆ ಅವರು ದುಚಾನ್ ಅಂತಾರೆ, ನಮ್ಮ ದುಕಾನೇ ಅದು. ಜೇಬಿಗೆ ಜೆಪ್. ಸಾಬೂನಿಗೆ ಸಾಪುನ್. ಮೈದಾನಕ್ಕೆ ಮೆಯ್ದಾನ್. ಸಂದೂಕಕ್ಕೆ ಸಂದುಕ್. ಫಿರಂಗಿಗೆ ತೋಪ್, ನಾವು ತೋಪು ಅಂತೀವಲ್ಲ. ಅರಬ್ಬಿ, ಪಾರ್ಸಿ, ತುರ್ಕಿ ಪದಗಳು ಒಂದು ಕಡೆ ಒಟ್ಟೋಮನ್ನರ ಜೊತೆ ಬಾಲ್ಕನ್ನಿಗೂ ಇನ್ನೊಂದು ಕಡೆ ಸುಲ್ತಾನರ ಜೊತೆ ದಖ್ಖನಿಗೂ ಬಂದಿದ್ರಿಂದ ಈ ನಂಟು. ವಿಜಯಪುರದ ಮಲಿಕ್-ಎ-ಮೈದಾನ್ ತೋಪು ನೋಡಿದೀರಲ್ಲ, ಅದನ್ನ 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದಿದ್ದು ಮುಹಮ್ಮದ್ ಬಿನ್ ಹಸನ್ ರೂಮಿ ಅನ್ನೋ ತುರ್ಕಿ ಕುಶಲಿ. ಮೊಸ್ತಾರಿನ ಸೇತುವೆ ಕಟ್ಟೋಕೆ ಶುರು ಮಾಡಿದ್ದು ಅದಾಗಿ ಎಂಟೇ ವರ್ಷಕ್ಕೆ. ಇದು ತಲೇಲಿ ಇದ್ರೆ ಆ ಕಲ್ಲುಗಳು ಅಷ್ಟೊಂದು ಪರದೇಶದವು ಅನ್ನಿಸಲ್ಲ.

ಹೆಜ್ಜೆ 6: ಸರಾಯೆವೊನ ಪೂರ್ವದಿಂದ ಪಶ್ಚಿಮಕ್ಕೆ ನಡೀರಿ

ಇದೇ ನನ್ನ ಮುಖ್ಯ ಸಲಹೆ. ದಿಕ್ಕು ಮುಖ್ಯ, ಯಾಕಂದ್ರೆ ಊರು ಬೆಳೆದಿದ್ದೇ ಆ ದಿಕ್ಕಿಗೆ. 15ನೇ ಶತಮಾನದ ಮಧ್ಯದಲ್ಲಿ ಒಟ್ಟೋಮನ್ ಅಧಿಕಾರಿ ಇಸಾ ಬೇಗ್ ಇಲ್ಲಿ ಸರಾಯ್, ಅಂದ್ರೆ ಅರಮನೆ ಕಟ್ಟಿಸಿದ, ಊರಿನ ಹೆಸರು ಬಂದಿದ್ದು ಅದರಿಂದ. 1878ರಲ್ಲಿ ಆಸ್ಟ್ರಿಯಾ-ಹಂಗೇರಿಯವರು ಬಂದ್ರು, ಪೇಟೆ ಪಕ್ಕದಿಂದ ಪಶ್ಚಿಮಕ್ಕೆ ವಿಯೆನ್ನಾ ಥರದ ಬೀದಿ ಕಟ್ಟಿದ್ರು. ಒಂದು ಕಿಲೋಮೀಟರ್ ಚಿಲ್ಲರೆ ನಡೆದ್ರೆ ನಾಲ್ಕು ಶತಮಾನ ನಡೆದ ಹಾಗೆ.

ಬೆಳಗ್ಗೆ ಏಳಕ್ಕೆ ಹೊರಡಿ. ವಿಯೆಚ್ನಿತ್ಸಾದಿಂದ ಶುರು ಮಾಡಿ, ಮಿಲ್ಯಾಟ್ಸ್ಕಾ ಹೊಳೆ ದಂಡೇಲಿ ಪಟ್ಟೆ ಪಟ್ಟೆಯಾಗಿ ಕಾಣೋ ದೊಡ್ಡ ಕಟ್ಟಡ. 1896ರಲ್ಲಿ ಪುರಸಭೆಗೆ ಅಂತ ತೆರೆದಿದ್ದು, ಆಮೇಲೆ ರಾಷ್ಟ್ರೀಯ ಗ್ರಂಥಾಲಯ ಆಯ್ತು, ಬಾಸ್ನಿಯಾ ಯುದ್ಧದಲ್ಲಿ, 1992ರ ಆಗಸ್ಟಲ್ಲಿ, ಷೆಲ್ ದಾಳಿಗೆ ಸಿಕ್ಕಿ ಲಕ್ಷಗಟ್ಟಲೆ ಪುಸ್ತಕದ ಜೊತೆ ಸುಟ್ಟುಹೋಯ್ತು. ಮತ್ತೆ ಕಟ್ಟಿ 2014ರಲ್ಲಿ ಬಾಗಿಲು ತೆರೆದ್ರು. ಒಳಗಿನ ಬಣ್ಣದ ಗಾಜಿನ ಚಾವಣಿ ನೋಡೋಕೆ ಟಿಕೆಟ್ ಕೊಟ್ಟು ಆಮೇಲೆ ಬನ್ನಿ. ಹೊಳೆ ಆಚೆ ದಡದಲ್ಲಿ ಒಂದು ಹಳೇ ಮನೆ ಕಾಣುತ್ತೆ, ಇನಾತ್ ಕುಚಾ, ಹಠದ ಮನೆ. ಈ ದೊಡ್ಡ ಕಟ್ಟಡಕ್ಕೆ ಜಾಗ ಬೇಕು ಅಂದಾಗ ಮನೆ ಯಜಮಾನ ಒಪ್ಪಲಿಲ್ವಂತೆ, ಕೊನೆಗೆ ಒಂದು ಚೀಲ ಚಿನ್ನದ ನಾಣ್ಯ ಕೊಡಬೇಕು, ಮನೇನ ಒಂದೊಂದು ಇಟ್ಟಿಗೆ ಬಿಚ್ಚಿ ಆಚೆ ದಡದಲ್ಲಿ ಹಾಗೇ ಕಟ್ಟಿಕೊಡಬೇಕು ಅಂದ, ಕಟ್ಟಿಕೊಟ್ರು. ಈಗ ಅದು ಊಟದ ಮನೆ.

ಅಲ್ಲಿಂದ ಪೇಟೆ ಒಳಗೆ. ಆ ಹೊತ್ತಲ್ಲಿ ಅಂಗಡಿಗಳ ಮರದ ಹಲಗೆ ಬಾಗಿಲು ಒಂದೊಂದೇ ತೆಗೀತಿರ್ತಾರೆ, ಕಲ್ಲು ಹಾಸಿನ ಮೇಲೆ ನೀರು ಚಿಮುಕಿಸಿರ್ತಾರೆ, ಬೇಕರಿಯಿಂದ ಸೋಮುನ್ ಬ್ರೆಡ್ಡಿನ ವಾಸನೆ. ಅಲ್ಲೇ ಕಜಾಂಜಿಲುಕ್ ಅನ್ನೋ ತಾಮ್ರದವರ ಗಲ್ಲಿ, ಟಕ್ ಟಕ್ ಸದ್ದು ಕೇಳಿ ಹೋಗಿ. ನಮ್ಮ ಹಳೇ ಪೇಟೆಗಳಲ್ಲಿ ಕಂಚುಗಾರರ ಬೀದಿ ಇತ್ತಲ್ಲ, ಹಾಗೇ ಇಲ್ಲೂ ಒಂದೊಂದು ಕಸುಬಿಗೆ ಒಂದೊಂದು ಗಲ್ಲಿ.

ಮುಂದೆ ಗಾಜಿ ಹುಸ್ರೆವ್ ಬೇಗ್ ಮಸೀದಿ, 1530ರ ಸುಮಾರಿನದು. ನಮಾಜ್ ಹೊತ್ತು ಬಿಟ್ಟು ಟಿಕೆಟ್ ತಗೊಂಡು ಒಳಗೆ ಹೋಗಬಹುದು, ಹೆಂಗಸರು ತಲೆ ಮೇಲೆ ಬಟ್ಟೆ ಹಾಕ್ಕೊಬೇಕು, ಅಮ್ಮ ಸೀರೆ ಸೆರಗನ್ನೇ ಹೊದ್ಕೊಂಡ್ರು, ಕಾವಲಿನವರು ಕೈ ಎದೆ ಮೇಲಿಟ್ಟು ನಮಸ್ಕಾರ ಮಾಡಿದ್ರು. ಪಕ್ಕದ ಗಡಿಯಾರ ಗೋಪುರ ನೋಡಿ ಟೈಮ್ ತಪ್ಪು ಅನ್ಕೋಬೇಡಿ. ಅದು ಸೂರ್ಯಾಸ್ತದಿಂದ ಹೊತ್ತು ಎಣಿಸೋ ಗಡಿಯಾರ, ಸೂರ್ಯ ಮುಳುಗೋ ಹೊತ್ತಿಗೆ 12 ತೋರಿಸ್ಬೇಕು, ದಿನಾ ಸೂರ್ಯಾಸ್ತ ಬದಲಾಗೋದ್ರಿಂದ ಅದನ್ನ ಆಗಾಗ ಹೊಂದಿಸೋಕೆ ಅಂತಲೇ ಒಬ್ಬರು ಇದ್ದಾರೆ, ಆ ಕೆಲಸಕ್ಕೆ ಮುವೆಕಿತ್ ಅಂತ ಹೆಸರು. ಸಂಜೆ ಹೋಗಿ ನಿಂತು ನೋಡಿ, ಮುಳ್ಳು 12ಕ್ಕೆ ಬರೋದಕ್ಕೂ ಬಾಂಗ್ ಕೇಳೋದಕ್ಕೂ ಸರಿಹೋಗುತ್ತೆ.

ಅಲ್ಲಿಂದ ಎರಡು ನಿಮಿಷ ಪಶ್ಚಿಮಕ್ಕೆ ನಡೆದ್ರೆ ನೆಲದ ಮೇಲೆ ಒಂದು ಗೆರೆ. ಒಂದು ಕಡೆ ತಿರುಗಿ ಫೋಟೋ ತೆಗೆದ್ರೆ ಗಿಡ್ಡ ಹೆಂಚಿನ ಪೇಟೆ, ಇನ್ನೊಂದು ಕಡೆ ನಾಲ್ಕು ಮಹಡಿ ವಿಯೆನ್ನಾ. ಇಲ್ಲಿಂದ ಬೀದಿ ಹೆಸರು ಫೆರ್ಹಾದಿಯಾ. ಕ್ಯಾಥೊಲಿಕ್ ಕ್ಯಾಥೆಡ್ರಲ್ 1889ರದ್ದು, ಹತ್ರದಲ್ಲೇ ಆರ್ಥೊಡಾಕ್ಸ್ ಚರ್ಚು, ಸ್ಪೇನಿಂದ ಓಡಿಬಂದ ಯಹೂದಿಗಳ 16ನೇ ಶತಮಾನದ ಹಳೇ ಸಿನಗಾಗ್, ಎಲ್ಲ ಐದತ್ತು ನಿಮಿಷದ ನಡಿಗೇಲಿ. ಮಧ್ಯಾಹ್ನ 12ರಿಂದ 1ರವರೆಗೆ ಇಲ್ಲೇ ಎಲ್ಲಾದ್ರೂ ಬೆಂಚಲ್ಲಿ ಕೂತಿರಿ, ಗಂಟೆ, ಬಾಂಗ್ ಎರಡೂ ಸ್ವಲ್ಪ ಹಿಂದೆಮುಂದೆ ಕೇಳುತ್ತೆ. ಹೊಳೆ ಕಡೆ ಇಳಿದ್ರೆ ಲ್ಯಾಟಿನ್ ಸೇತುವೆ, 1914ರ ಜೂನ್ 28ಕ್ಕೆ ಆಸ್ಟ್ರಿಯಾ-ಹಂಗೇರಿಯ ಯುವರಾಜ ಆರ್ಚ್‌ಡ್ಯೂಕ್ ಫ್ರಾಂಜ್ ಫರ್ಡಿನಾಂಡ್ ಮೇಲೆ ಗವ್ರಿಲೊ ಪ್ರಿನ್ಸಿಪ್ ಗುಂಡು ಹಾರಿಸಿದ ಮೂಲೆ ಅದರ ಎದುರಿಗೇ. ಶಾಲೇಲಿ ಮೊದಲ ಮಹಾಯುದ್ಧದ ಪಾಠದಲ್ಲಿ ಓದಿದ್ವಲ್ಲ, ಆ ಜಾಗ ಇಷ್ಟು ಚಿಕ್ಕದಾ ಅಂತ ನಾನು ತುಂಬ ಹೊತ್ತು ನಿಂತಿದ್ದೆ.

ಹೆಜ್ಜೆ 7: ಗಾಯದ ಗುರುತುಗಳನ್ನ ಗೌರವದಿಂದ ನೋಡಿ

ನಡೀವಾಗ ನೆಲದಲ್ಲಿ ಕೆಂಪು ಮೆತ್ತಿದ, ಹೂವಿನ ಎಸಳು ಚೆಲ್ಲಿದ ಹಾಗಿರೋ ಗುರುತು ಕಾಣುತ್ತೆ. ಅದು ಸರಾಯೆವೊ ಗುಲಾಬಿ. ಮಾರ್ಟರ್ ಬಿದ್ದು ಜನ ಸತ್ತ ಜಾಗದ ಗುಳೀನ ಕೆಂಪು ರಾಳದಿಂದ ತುಂಬಿದ್ದಾರೆ. ಮೇಲೆ ಕಾಲಿಡಬೇಡಿ, ಸುತ್ಕೊಂಡು ಹೋಗಿ. ಈ ಊರನ್ನ 1992ರ ಏಪ್ರಿಲಿಂದ 1996ರ ಫೆಬ್ರವರಿವರೆಗೆ 1,425 ದಿನ ಬೆಟ್ಟಗಳ ಮೇಲಿಂದ ಬಾಸ್ನಿಯನ್ ಸೆರ್ಬ್ ಪಡೆಗಳು ಮುತ್ತಿಗೆ ಹಾಕಿದ್ವು. ಮಾರ್ಕಾಲೆ ಅನ್ನೋ ತರಕಾರಿ ಮಾರ್ಕೆಟ್ ಫೆರ್ಹಾದಿಯಾ ಪಕ್ಕದಲ್ಲೇ ಇದೆ, 1994ರ ಫೆಬ್ರವರಿ 5ಕ್ಕೆ ಒಂದೇ ಷೆಲ್ಲಿಗೆ ಅಲ್ಲಿ 68 ಜನ ಸತ್ರು. ಇವತ್ತೂ ಅದು ಮಾರ್ಕೆಟ್ಟೇ, ಹೆಂಗಸರು ಸ್ಟ್ರಾಬೆರಿ, ಟೊಮ್ಯಾಟೊ ಮಾರ್ತಾರೆ, ಹಿಂದಿನ ಗೋಡೆ ಮೇಲೆ ಸತ್ತವರ ಹೆಸರಿದೆ. ಅಮ್ಮ ಹಣ್ಣು ತಗೊಂಡು ಆ ಗೋಡೆ ಹತ್ರ ಸ್ವಲ್ಪ ಹೊತ್ತು ಸುಮ್ನೆ ನಿಂತ್ರು, ಭಾಷೆ ಬರಲ್ಲ, ಆದ್ರೂ ಹಣ್ಣಿನ ಅಜ್ಜಿ ಎರಡು ಹಣ್ಣು ಜಾಸ್ತಿ ಹಾಕಿಕೊಟ್ರು.

ಒಂದು ಅರ್ಧ ದಿನ ಸುರಂಗಕ್ಕೆ ಇಡಿ. ಟ್ರಾಮಲ್ಲಿ ಇಲಿಜಾವರೆಗೆ ಹೋಗಿ ಅಲ್ಲಿಂದ ಟ್ಯಾಕ್ಸಿ. ಮುತ್ತಿಗೆ ನಡುವೆ 1993ರಲ್ಲಿ ಏರ್‌ಪೋರ್ಟ್ ರನ್‌ವೇ ಕೆಳಗೆ ಕೈಯಲ್ಲೇ ತೋಡಿದ ಸುಮಾರು 800 ಮೀಟರ್ ಸುರಂಗ, ಅಕ್ಕಿ, ಹಿಟ್ಟು, ಔಷಧಿ, ಗಾಯಾಳು ಎಲ್ಲ ಅದರಲ್ಲೇ ಓಡಾಡಿದ್ದು. ಒಂದು ಚೂರು ಮಾತ್ರ ಈಗ ಒಳಗೆ ಹೋಗಿ ನೋಡಕ್ಕೆ ಇದೆ, ತಗ್ಗಿ ನಡೀಬೇಕು.

ಮಾತಾಡುವಾಗ ಎರಡು ವಿಷಯ. ಯಾರನ್ನೂ ನೀವು ಯಾವ ಮತದವರು ಅಂತ ಕೇಳ್ಬೇಡಿ, ಹೆಸರಿಂದ ಊಹೆ ಮಾಡಿ ಹೇಳ್ಲೂಬೇಡಿ. ಯುದ್ಧದ ಬಗ್ಗೆ ಅವರಾಗೇ ಶುರು ಮಾಡಿದ್ರೆ ಕೇಳಿಸ್ಕೊಳ್ಳಿ, ನಲವತ್ತು ದಾಟಿದ ಪ್ರತಿಯೊಬ್ಬರ ಹತ್ರನೂ ಒಂದು ಕಥೆ ಇದೆ, ಅದನ್ನ ಕೆದಕಿ ತೆಗೆಸೋದು ಬೇಡ. ಮತ್ತೆ ಸುರಕ್ಷತೆ ವಿಷಯ, ಬೆಟ್ಟದಲ್ಲಿ ದಾರಿ ಬಿಟ್ಟು ಕಾಡೊಳಗೆ ಹೋಗಲೇಬೇಡಿ, ನೆಲಬಾಂಬುಗಳು ದೇಶದ ಕೆಲವು ಕಡೆ ಇನ್ನೂ ಇವೆ, ತಲೆಬುರುಡೆ ಇರೋ ಕೆಂಪು ಬೋರ್ಡ್ ಕಂಡ್ರೆ ಅಲ್ಲೇ ನಿಲ್ಲಿ. ತ್ರೆಬೆವಿಚ್ ಬೆಟ್ಟಕ್ಕೆ ಕೇಬಲ್ ಕಾರಲ್ಲಿ ಹೋಗಿ, ಯುದ್ಧದಲ್ಲಿ ನಾಶ ಆಗಿದ್ದು 2018ರ ಏಪ್ರಿಲಲ್ಲಿ ಮತ್ತೆ ಶುರುವಾಯ್ತು, ಮೇಲೆ 1984ರ ಚಳಿಗಾಲದ ಒಲಿಂಪಿಕ್ಸಿನ ಬಾಬ್‌ಸ್ಲೆಡ್ ಟ್ರ್ಯಾಕು ಪಾಚಿ, ಚಿತ್ರಗಳ ಮಧ್ಯೆ ಇನ್ನೂ ಇದೆ. ಗುರುತು ಮಾಡಿರೋ ದಾರೀಲೇ ನಡೀರಿ.

ಸೂರ್ಯಾಸ್ತಕ್ಕೆ ಜುತಾ ತಾಬಿಯಾ, ಹಳದಿ ಕೋಟೆ. ದಾರೀಲಿ ಕೊವಾಚಿ ಸ್ಮಶಾನ ಸಿಗುತ್ತೆ, ಬಿಳಿ ಕಲ್ಲುಗಳ ಸಾಲು ಸಾಲು, ಹುಟ್ಟಿದ ವರ್ಷ ಬೇರೆ ಬೇರೆ, ಸತ್ತ ವರ್ಷ ಮಾತ್ರ ತೊಂಬತ್ತೆರಡು, ತೊಂಬತ್ಮೂರು, ತೊಂಬತ್ನಾಲ್ಕು. ಕೋಟೆ ಮೇಲೆ ಊರಿನ ಹುಡುಗ ಹುಡುಗೀರು ತಿಂಡಿ ಕಟ್ಕೊಂಡು ಬಂದು ಕೂತಿರ್ತಾರೆ, ರಂಜಾನ್ ತಿಂಗಳಲ್ಲಿ ಉಪವಾಸ ಬಿಡೋ ಹೊತ್ತಿಗೆ ಇಲ್ಲಿಂದಲೇ ತೋಪು ಹಾರಿಸ್ತಾರೆ. ಕೆಳಗೆ ದೀಪ ಹತ್ತುತ್ತಾ ಹೋಗುತ್ತೆ, ಒಂದೊಂದು ಮಿನಾರಿಂದ ಒಂದೊಂದು ದನಿ. ನನಗೆ ಇಡೀ ಪ್ರವಾಸದಲ್ಲಿ ಯಾವುದಾದ್ರೂ ಒಂದೇ ಅರ್ಧ ಗಂಟೆ ಆರಿಸ್ಕೋ ಅಂದ್ರೆ ಇದನ್ನೇ ಆರಿಸ್ತೀನಿ.

ಹೆಜ್ಜೆ 8: ಸಸ್ಯಾಹಾರಿಗಳ ಊಟ

ಬಾಸ್ನಿಯಾ ಮಾಂಸದ ನಾಡು, ಚೆವಾಪಿ ಅನ್ನೋ ಕೆಂಡದ ಮೇಲೆ ಸುಟ್ಟ ಮಾಂಸದ ಬೆರಳುಗಳನ್ನ ಸೋಮುನ್ ಬ್ರೆಡ್ಡಲ್ಲಿಟ್ಟು ಈರುಳ್ಳಿ ಜೊತೆ ಕೊಡ್ತಾರೆ, ತಿನ್ನೋರಿಗೆ ಅದೇ ಹಬ್ಬ. ತಿನ್ನದವರು ಬುರೆಗ್‌ಜಿನಿತ್ಸಾ ಅಂತ ಬೋರ್ಡಿರೋ ಅಂಗಡಿ ಹುಡುಕಿ. ತೆಳ್ಳಗೆ ಎಳೆದ ಹಿಟ್ಟಿನ ಹಾಳೆ ಒಳಗೆ ಹೂರಣ ಸುತ್ತಿ, ಸುರುಳಿ ಮಾಡಿ, ಕಬ್ಬಿಣದ ಮುಚ್ಚಳದ ಮೇಲೂ ಕೆಂಡ ಹಾಕಿ ಬೇಯಿಸ್ತಾರೆ. ಇಲ್ಲಿ ಹೆಸರು ಬಾಯಿಪಾಠ ಇರಲಿ: ಬುರೆಕ್ ಅಂದ್ರೆ ಬಾಸ್ನಿಯಾದಲ್ಲಿ ಮಾಂಸ ಇರೋದು ಮಾತ್ರ. ಸಿರ್ನಿತ್ಸಾ ಚೀಸಿಂದು, ಜೆಲ್ಯಾನಿತ್ಸಾ ಪಾಲಕ್ ಮತ್ತು ಚೀಸು, ಕ್ರೊಂಪಿರುಶಾ ಆಲೂಗಡ್ಡೆ, ತಿಕ್ವೆನಿತ್ಸಾ ಕುಂಬಳಕಾಯಿ. ಕ್ರೊಂಪಿರುಶಾದಲ್ಲಿ ಮೆಣಸಿನ ಖಾರ ಇರುತ್ತೆ, ಅಮ್ಮನಿಗೆ ಆಲೂ ಪಲ್ಯದ ಪಫ್ ತಿಂದ ಹಾಗಾಯ್ತಂತೆ, ಜೊತೆಗೆ ಗಟ್ಟಿ ಮೊಸರು ಕೇಳಿ ಹಾಕಿಸ್ಕೊಳ್ಳಿ.

ಪ್ರತಿ ಸಲ ಕೇಳ್ಬೇಕಾದ್ದು: ಬೆಜ್ ಮೆಸಾ, ಮಾಂಸ ಇಲ್ಲದೆ. ಯಾಯಾ ಅಂದ್ರೆ ಮೊಟ್ಟೆ, ಪಾಲಕಿನದರಲ್ಲಿ, ಚೀಸಿನದರಲ್ಲಿ ಹಾಕಿರೋದುಂಟು, ತಿನ್ನದವರು ಕೇಳಿ. ಹುರುಳಿಕಾಯಿ ಬೀಜದ ಸೂಪು ಗ್ರಾಹ್ ನೋಡೋಕೆ ಸಾರಿನ ಹಾಗಿದ್ರೂ ಹೊಗೆಯಾಡಿಸಿದ ಮಾಂಸ ಹಾಕಿರ್ತಾರೆ, ಬಿಟ್ಬಿಡಿ. ಕೆಂಪು ದೊಣ್ಣೆಮೆಣಸಿನಕಾಯಿ ಸುಟ್ಟು ಅರೆದ ಐವಾರ್ ಅಂತ ಚಟ್ನಿ ಸಿಗುತ್ತೆ, ಬ್ರೆಡ್ಡಿಗೆ ಸೂಪರ್, ಒಂದು ಬಾಟಲಿ ರೂಮಲ್ಲಿಟ್ಕೊಳ್ಳಿ. ಸಿಹಿಗೆ ತುಫಾಹಿಯಾ ತಿನ್ನಿ, ಬೇಯಿಸಿದ ಸೇಬಿನ ಒಳಗೆ ಅಕ್ರೋಟ್ ತುಂಬಿದ್ದು.

ಹೆಜ್ಜೆ 9: ಮೊಸ್ತಾರಿಗೆ ರೈಲಲ್ಲಿ ಹೋಗಿ

ಸುಮಾರು ಎರಡು ಗಂಟೆ ದಾರಿ. ಬೆಟ್ಟದ ಸುರಂಗಗಳು, ಆಮೇಲೆ ಯಾಬ್ಲಾನಿತ್ಸಾ ಸರೋವರ, ಆಮೇಲೆ ಪಕ್ಕದಲ್ಲೇ ಹಸಿರು ನೆರೆತ್ವಾ ನದಿ ಕಣಿವೆ. ದಿನಕ್ಕೆ ಬೆರಳೆಣಿಕೆ ರೈಲು ಮಾತ್ರ, ಅದಕ್ಕೆ ಹಿಂದಿನ ದಿನವೇ ಸ್ಟೇಷನ್ನಲ್ಲಿ ಟೈಮ್ ಕೇಳ್ಕೊಳ್ಳಿ. 2024ರ ಅಕ್ಟೋಬರ್ ಪ್ರವಾಹಕ್ಕೆ ಯಾಬ್ಲಾನಿತ್ಸಾ ಹತ್ರ ಈ ಹಳಿ ಕೊಚ್ಚಿಹೋಗಿ ರೈಲು ನಿಂತಿತ್ತು, ಅಂಥದ್ದೇನಾದ್ರೂ ಇದ್ರೆ ಬಸ್ಸೂ ಅದೇ ಕಣಿವೇಲಿ ಹೋಗುತ್ತೆ, ಬೇಜಾರಾಗ್ಬೇಡಿ.

ಹೆಜ್ಜೆ 10: ಸೇತುವೆಗೆ ಬೆಳಗ್ಗೆ ಆರಕ್ಕೆ

ಸ್ತಾರಿ ಮೋಸ್ತ್, ಹಳೇ ಸೇತುವೆ. ಸುಲೇಮಾನ್ ಸುಲ್ತಾನನ ಕಾಲದಲ್ಲಿ 1557ರಲ್ಲಿ ಶುರು ಮಾಡಿ 1566ರಲ್ಲಿ ಮುಗಿಸಿದ್ರು, ಕಟ್ಟಿದ್ದು ಮಹಾ ವಾಸ್ತುಶಿಲ್ಪಿ ಸಿನಾನನ ಶಿಷ್ಯ ಮಿಮಾರ್ ಹೈರುದ್ದೀನ್. ಒಂದೇ ಕಮಾನು, ಮಧ್ಯೆ ಕಂಬ ಇಲ್ಲ. ಸಾರುವೆ ತೆಗೆಯೋ ದಿನ ಸೇತುವೆ ನಿಲ್ಲಲ್ವೇನೋ ಅನ್ನೋ ಭಯಕ್ಕೆ ಹೈರುದ್ದೀನ್ ತನ್ನ ಸಮಾಧಿ ತಾನೇ ತೋಡ್ಕೊಂಡಿದ್ದ ಅಂತ ಊರಿನ ಕಥೆ. ನಿಂತಿತು, 427 ವರ್ಷ. 1993ರ ನವೆಂಬರ್ 9ಕ್ಕೆ ಬಾಸ್ನಿಯನ್ ಕ್ರೊಯೇಟ್ ಪಡೆಗಳ ಷೆಲ್ಲುಗಳಿಗೆ ನದಿಗೆ ಬಿತ್ತು. ಹತ್ತಿರದ ಕ್ವಾರಿಯಿಂದ ತೆನೆಲಿಯಾ ಅನ್ನೋ ಅದೇ ತಿಳಿ ಬಣ್ಣದ ಕಲ್ಲು ತಂದು, ಹಳೇ ಪದ್ಧತೀಲಿ ಕೆತ್ತಿ ಕಟ್ಟಿ, 2004ರ ಜುಲೈ 23ಕ್ಕೆ ತೆರೆದ್ರು, ಮುಂದಿನ ವರ್ಷ ಯುನೆಸ್ಕೊ ಪಟ್ಟಿಗೆ ಸೇರ್ತು.

ಬೆಳಗ್ಗೆ ಆರಕ್ಕೆ ಹೋಗಿ ಅಂದ್ನಲ್ಲ, ಕಾರಣ ಆ ಕಲ್ಲು. ಬಿಸಿಲು ಬರೋ ಮುಂಚೆ ಬೂದಿ ಬಣ್ಣ, ಬಿಸಿಲು ತಾಗಿದ ಕೂಡಲೇ ಜೇನು ಬಣ್ಣ. ಸೇತುವೆ ಮೇಲೆ ಒಬ್ಬರೋ ಇಬ್ಬರೋ ಊರಿನವರು ಬ್ರೆಡ್ ಚೀಲ ಹಿಡ್ಕೊಂಡು ಹೋಗ್ತಿರ್ತಾರೆ, ನೆರೆತ್ವಾ ಸದ್ದು ಪೂರ್ತಿ ಕೇಳುತ್ತೆ. ರಬ್ಬರ್ ತಳದ ಶೂ ಹಾಕ್ಕೊಳ್ಳಿ, ಕಮಾನು ಕಡಿದಾಗಿದೆ, ಕಲ್ಲು ಸವೆದು ಗಾಜಿನ ಹಾಗಾಗಿದೆ, ಅಡ್ಡ ಪಟ್ಟಿಗಳ ಮೇಲೆ ಹೆಜ್ಜೆ ಇಟ್ಕೊಂಡು ಹೋಗ್ಬೇಕು, ಮಳೆ ಬಂದಾಗಂತೂ ಹಿರಿಯರ ಕೈ ಬಿಡ್ಬೇಡಿ. ಆಮೇಲೆ ಮೆಟ್ಟಿಲಿಳಿದು ನೀರಿನ ಮಟ್ಟಕ್ಕೆ ಹೋಗಿ ಕೆಳಗಿಂದ ಮೇಲೆ ನೋಡಿ. ಹತ್ತಿರದಲ್ಲೇ ಕ್ರಿವಾ ಚುಪ್ರಿಯಾ ಅಂತ ಇದರದ್ದೇ ಮರಿಯಂಥ ಪುಟ್ಟ ಸೇತುವೆ ಇದೆ, ಅಲ್ಲಿ ಜನ ಕಮ್ಮಿ.

ಹತ್ತರಿಂದ ಐದರವರೆಗೆ ಸೇತುವೆ ಬಿಟ್ಬಿಡಿ. ಆ ಹೊತ್ತಿಗೆ 12 ಕಿಲೋಮೀಟರ್ ದೂರದ ಬ್ಲಾಗಾಯ್ ನೋಡ್ಕೊಂಡು ಬನ್ನಿ, ಬಂಡೆ ಬುಡದಿಂದ ಬೂನಾ ನದಿ ತುಂಬಿ ಹೊರಗೆ ಬರುತ್ತೆ, ಪಕ್ಕದಲ್ಲೇ ಸೂಫಿ ದರ್ವೇಶಿಗಳ ಹಳೇ ಮನೆ. ಇಲ್ಲಾಂದ್ರೆ ಮಲಗಿ. ಮಧ್ಯಾಹ್ನದಲ್ಲಿ ಸೇತುವೆ ಮೇಲಿಂದ ಹುಡುಗರು ದುಡ್ಡು ಕೂಡಿಸಿ ನದಿಗೆ ಹಾರ್ತಾರೆ, 20 ಮೀಟರಿಗಿಂತ ಜಾಸ್ತಿ ಎತ್ತರ, ನೀರು ಬೇಸಿಗೇಲೂ ಐಸ್ ಥರ. ಅವರು ವರ್ಷಗಟ್ಟಲೆ ಅಭ್ಯಾಸ ಮಾಡಿದವರು, ಈಜು ಬರುತ್ತೆ ಅಂತ ನೀವು ಹಾರಕ್ಕೆ ಹೋಗ್ಬೇಡಿ. ನೋಡಿದ್ರೆ ದುಡ್ಡು ಹಾಕಿ.

ಸಂಜೆ ಆರಕ್ಕೆ ಕೊನೇ ಬಸ್ಸುಗಳು ಹೋಗ್ತವೆ. ಆಮೇಲೆ ಊರು ಮತ್ತೆ ಊರಿನವರದ್ದು, ಮಕ್ಕಳು ಸೈಕಲ್ ತಗೊಂಡು ಬರ್ತಾರೆ, ಅಂಗಡಿಯವರು ಒಬ್ಬರಿಗೊಬ್ಬರು ಕೂಗಿ ಮಾತಾಡ್ತಾರೆ, ಸೇತುವೆ ದೀಪ ನೀರಲ್ಲಿ ಕಾಣುತ್ತೆ. ಮೊದಲ ಸಲ ನಾನು ಕಳ್ಕೊಂಡಿದ್ದು ಇದನ್ನೇ.

ಇಲ್ಲಿಂದ ದುಬ್ರೊವ್ನಿಕ್ಕಿಗೆ ಬಸ್ಸು ಮೂರು ಗಂಟೆ, ಬೇಸಿಗೆ ಬಾರ್ಡರಲ್ಲಿ ಇನ್ನೂ ಜಾಸ್ತಿ. ಅಲ್ಲಿ 1,940 ಮೀಟರ್ ಉದ್ದದ ಕೋಟೆ ಗೋಡೆ ಮೇಲೆ ಬಾಗಿಲು ತೆಗೆದ ಕೂಡಲೇ ನಡೀರಿ, ಕ್ರೂಸ್ ಹಡಗಿನ ಜನ ಬರೋ ಹೊತ್ತಿಗೆ ಇಳಿದುಬಿಡಿ, ಒಂದು ರಾತ್ರಿ ಸಾಕು. ಸಮುದ್ರ, ಗೋಡೆ ತುಂಬಾ ಚೆಂದ, ಖರ್ಚು ಮಾತ್ರ ಬಾಸ್ನಿಯಾದ ಎರಡರಷ್ಟು ಅನ್ಕೊಂಡು ಹೋಗಿ.

ಹೆಜ್ಜೆ 11: ಏನು ತರೋದು

ಯುದ್ಧದ ಗುಂಡಿನ ಖಾಲಿ ಕೇಸಿಂದ ಮಾಡಿದ ಪೆನ್ನು, ಕೀಚೈನು ಎರಡೂ ಊರಲ್ಲಿ ಮಾರ್ತಾರೆ. ತಗೋಬೇಡಿ, ಏರ್‌ಪೋರ್ಟ್ ಸೆಕ್ಯೂರಿಟೀಲಿ ಸಿಕ್ಕಾಕ್ಕೊಳ್ತೀರಿ, ಭಾರತಕ್ಕೆ ಬರೋರಿಗಂತೂ ಇನ್ನೂ ತೊಂದ್ರೆ.

ತಗೊಂಡ್ರೆ ಕಜಾಂಜಿಲುಕ್ಕಲ್ಲಿ ಒಂದು ಜೆಜ್ವಾ ತಗೊಳ್ಳಿ. ಮೆಷಿನಲ್ಲಿ ಒತ್ತಿದ್ದು ತೆಳ್ಳಗೆ, ಹಗುರ, ಹೊಳಪು ಜಾಸ್ತಿ. ಕೈಯಲ್ಲಿ ಬಡಿದದ್ದರಲ್ಲಿ ಸುತ್ತಿಗೆ ಗುರುತು ಒಂದೊಂದೂ ಬೇರೆ ಬೇರೆ ಕಾಣುತ್ತೆ, ತೂಕ ಇರುತ್ತೆ. ಒಳಗೆ ಬೆಳ್ಳಗೆ ತವರದ ಲೇಪ ಇದ್ಯಾ ನೋಡಿ, ಇಲ್ಲದಿದ್ರೆ ಅದು ಶೋಕೇಸಿಗೆ ಮಾತ್ರ. ಅಮ್ಮ ಪಾತ್ರೆ ಒಳಗೆ ಬೆರಳಾಡಿಸಿ ನನಗೆ, ಕಲಾಯಿ ಚೆನ್ನಾಗಿ ಹಾಕಿದಾರೆ ಕಣೇ, ಅಂದ್ರು. ಅಂಗಡಿ ಅಜ್ಜ ತಲೆ ಎತ್ತಿ, ಕಲಾಯ್, ಕಲಾಯ್, ಅಂತ ತಲೆ ಆಡಿಸಿದ್ರು. ತವರಕ್ಕೆ ಅವರ ಭಾಷೇಲೂ ಅದೇ ಪದ. ಆಮೇಲೆ ಇಬ್ಬರೂ ಕೈಸನ್ನೇಲೇ ಕಾಲು ಗಂಟೆ ಮಾತಾಡಿದ್ರು, ಉಜ್ಜೋದು ಹೇಗೆ, ಬೆಂಕಿ ಎಷ್ಟು, ಖಾಲಿ ಪಾತ್ರೆ ಒಲೆ ಮೇಲೆ ಇಡಬಾರದು ಅಂತೆಲ್ಲ.

ಮನೇಲಿ ಮಾಡೋಕೆ ಫಿಲ್ಟರ್ ಕಾಫಿ ಪುಡಿ ಆಗಲ್ಲ. ಪುಡಿ ಅಂಗಡೀಲಿ ಚಿಕೋರಿ ಹಾಕದೆ, ಮೈದಾ ಹಿಟ್ಟಿನಷ್ಟು ನುಣ್ಣಗೆ ಬೀಸಿಕೊಡಿ ಅಂತ ಕೇಳಿ. ನೀರು ಬೇರೆ ಪಾತ್ರೇಲಿ ಕುದಿಸಿ ಇಟ್ಕೊಳ್ಳಿ, ಜೆಜ್ವಾಗೆ ಎರಡು ಚಮಚ ಪುಡಿ ಹಾಕಿ ಸಣ್ಣ ಉರೀಲಿ ಕೆಲವೇ ಸೆಕೆಂಡ್ ಬಿಸಿ ಮಾಡಿ, ವಾಸನೆ ಬಂದ ಕೂಡಲೇ ನೀರು ಹುಯ್ಯಿರಿ, ಬಟ್ಟಲಿನ ಕಾಲು ಭಾಗ ನೀರು ಉಳಿಸ್ಕೊಳ್ಳಿ, ನೊರೆ ಉಕ್ಕಿ ಅಂಚಿಗೆ ಬಂದಾಗ ಇಳಿಸಿ ಆ ನೀರು ಹಾಕಿ, ಎರಡು ನಿಮಿಷ ಮುಟ್ಟಬೇಡಿ, ಪುಡಿ ತಳಕ್ಕೆ ಕೂರಲಿ.